ಆರು ಸಲದ ನೀರು

“ಅಮ್ಮಾ, ಇವತ್ತು ಎಷ್ಟು ಸತ್ತವು?”

ಸಂಜೆ ಬಾಗಿಲು ತೆರೆದ ಕೂಡಲೇ ಮಗಳು ಕೇಳುವ ಮೊದಲ ಮಾತು ಇದು. ಪಕ್ಕದ ಮನೆಗೆ ಹೊಸದಾಗಿ ಬಂದವರು ಇದು ಕಿವಿಗೆ ಬಿದ್ದ ಮೇಲೆ ಒಂದು ವಾರ ಮಾತೇ ಆಡಿಸಿರಲಿಲ್ಲ. ಸಾಯುವುದು ಕ್ಯಾನ್ಸರ್ ಕೋಶಗಳು, ಅದೂ ಪ್ರಯೋಗಾಲಯದ ತಟ್ಟೆಯಲ್ಲಿ ಎಂದು ಅತ್ತೆಯೇ ಹೋಗಿ ವಿವರಿಸಿ ಬಂದರು.

ಹನ್ನೊಂದು ವರ್ಷದಿಂದ ಈ ಅಮ್ಮ ಆ ಪ್ರಯೋಗಾಲಯದ ಸಹಾಯಕಿ. ಕೋಶಗಳನ್ನು ಸಾಕುವುದು ಅವಳ ಕೆಲಸ. ಮೈಯಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಎರಡು ದಿನಕ್ಕೊಮ್ಮೆ ಪೋಷಕ ದ್ರವ ಬದಲಿಸಿ, ಸೋಂಕು ತಗಲದಂತೆ ಕಾಯಬೇಕು. ಕೋಣೆಯ ಬಾಗಿಲು ಒಂದು ಗಳಿಗೆ ಹೆಚ್ಚು ತೆರೆದಿದ್ದರೂ ಗದರುತ್ತಾಳೆಂದು ಆ ಕೋಣೆಗೆ ಎಲ್ಲರೂ ಇಟ್ಟ ಹೆಸರು ಬಾಣಂತಿ ಕೋಣೆ, ಅವಳು ಸೂಲಗಿತ್ತಿ. “ಕೊಲ್ಲೋದಕ್ಕೆ ಇಷ್ಟು ಮುದ್ದು ಮಾಡಿ ಸಾಕ್ತೀಯಲ್ಲ ತಾಯಿ,” ಎಂದು ಗಂಡ ರೇಗಿಸುತ್ತಾನೆ.

ಈ ಸಲ ಪರೀಕ್ಷೆಗೆ ಬಂದದ್ದು ಅರಿಸಿನದ ಹಳದಿ ಸತ್ವ. ಕ್ಯಾನ್ಸರ್ ಕೋಶಕ್ಕೆ ಅದನ್ನು ಕಂಡರಾಗದು. ಆದರೆ ನೀರಿನಲ್ಲಿ ಕರಗದು. ನುಂಗಿದರೆ ಮೈಗೆ ಹತ್ತುವ ಮೊದಲೇ ಹೊರಬೀಳುತ್ತದೆ. ಅದಕ್ಕೇ ನ್ಯಾನೊ ಕಣಗಳೊಳಗೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿನ ಉಂಡೆಗಳೊಳಗೆ, ತುಂಬಿ ಕಳಿಸುವ ಉಪಾಯ. ಆ ಕಣ ಕಟ್ಟಲು ಬಳಸುವ ದ್ರಾವಕ ಮಾತ್ರ ಬಲು ಘಾಟು, ಎಂಥ ಕೋಶವನ್ನೂ ಉಳಿಸದು. ಹಾಗಾಗಿ ಕಣಗಳನ್ನು ತೆಳು ಪೊರೆಯ ಚೀಲಕ್ಕೆ ಹಾಕಿ ನೀರಿನಲ್ಲಿ ಮುಳುಗಿಸಿ, ಗಂಟೆಗೊಮ್ಮೆ ಆರು ಸಲ ನೀರು ಬದಲಿಸಬೇಕು. ದ್ರಾವಕ ಪೊರೆ ದಾಟಿ ಹೊರಹೋಗುತ್ತದೆ, ಕಣ ಒಳಗೇ ಉಳಿಯುತ್ತದೆ.

ಪ್ರತಿ ಸಲವೂ ಗೋಡೆಯ ಹಾಳೆಯಲ್ಲಿ ಒಂದು ಗುರುತು ಹಾಕಬೇಕು. ಅವಳು ಬೆಳಿಗ್ಗೆಯೇ ಆರನ್ನೂ ಹಾಕಿಬಿಡುತ್ತಿದ್ದಳು. ಕೈಗವಸು ಕಳಚಿ ಪೆನ್ನು ಹುಡುಕುವ ತಾಪತ್ರಯ ಯಾರಿಗೆ ಬೇಕು? ಹನ್ನೊಂದು ವರ್ಷದಲ್ಲಿ ಒಂದು ನೀರೂ ತಪ್ಪಿರಲಿಲ್ಲ.

ಆ ಸೋಮವಾರ ನಾಲ್ಕನೆಯ ನೀರಾದ ಮೇಲೆ ಶಾಲೆಯಿಂದ ಫೋನು ಬಂತು: ಮಗಳಿಗೆ ಜ್ವರ. ಎದ್ದೆನೋ ಬಿದ್ದೆನೋ ಎಂದು ಓಡಿದಳು. ಮೂರು ದಿನ ಥರ್ಮಾಮೀಟರೇ ಅವಳ ಜಗತ್ತು. ಜ್ವರ ಇಳಿದರೂ, ಮತ್ತೆ ಏರೀತೆಂದು ಮಲಗಿದ ಮಗುವಿನ ಹಣೆ ಮುಟ್ಟಿ ಮುಟ್ಟಿ ಎಬ್ಬಿಸಿ ಅತ್ತೆಯಿಂದ ಬೈಸಿಕೊಂಡಳು.

ಶುಕ್ರವಾರ ಕೆಲಸಕ್ಕೆ ಹೋದರೆ, ಈ ಸಂಶೋಧನೆ ನಡೆಸುತ್ತಿದ್ದ ವಿದ್ಯಾರ್ಥಿನಿ ಬಾಗಿಲಲ್ಲೇ ಕೈ ಹಿಡಿದುಕೊಂಡಳು. “ಅಕ್ಕಾ, ನೂರಕ್ಕೆ ತೊಂಬತ್ತೆಂಟು ಸತ್ತಿವೆ. ಅರಿಸಿನ ತುಂಬದ ಖಾಲಿ ಕಣ ಹಾಕಿದ ಸಾಲಲ್ಲಿ ಎಲ್ಲಾ ಗಟ್ಟಿಮುಟ್ಟಾಗಿವೆ. ಮಧ್ಯಾಹ್ನ ಗೈಡ್ ಮೇಡಂಗೆ ತೋರಿಸ್ತೀನಿ. ನಾಲ್ಕು ವರ್ಷ ಕಾದಿದ್ದೀನಿ ಇದಕ್ಕೆ.”

“ಚೀಲ ಯಾವಾಗ ತೆಗೆದೆ?”

“ಸೋಮವಾರ ಸಂಜೆನೇ. ಆರೂ ಗುರುತು ಇತ್ತಲ್ಲ.”

ಅವಳು ಗೋಡೆಯ ಹಾಳೆಯತ್ತ ತಿರುಗಿದಳು. ಖಾಲಿ ಕಣಗಳು ಹೋದ ವಾರದವು, ಆರು ನೀರು ಕಂಡವು. ಅರಿಸಿನ ತುಂಬಿದ ಕಣಗಳಿಗೆ ನಾಲ್ಕೇ. ಕೊಂದದ್ದು ಅರಿಸಿನವೋ, ಉಳಿದ ದ್ರಾವಕವೋ? ಅವಳೊಬ್ಬಳನ್ನು ಬಿಟ್ಟರೆ ಇದು ಯಾರಿಗೂ ತಿಳಿಯದು. ಹುಡುಗಿಯ ಮುಖ ನೋಡಲಾಗದೆ ಬಿಸಿಪೆಟ್ಟಿಗೆಯ ಅಂಕಿಯನ್ನು ಎರಡು ಸಲ ಓದಿದಳು. ತೊಂಬತ್ತೆಂಟನ್ನು ನಂಬಿ ಇವರು ಮುಂದಿನ ಹೆಜ್ಜೆ ಇಡುತ್ತಾರೆ. ಅದರ ಮುಂದಿನದು ಯಾರದೋ ಮೈ.

“ನಾಲ್ಕೇ ಸಲ ಬದಲಿಸಿದ್ದು ಕಣೇ,” ಅಂದಳು. “ಗುರುತು ಮೊದಲೇ ಹಾಕಿಟ್ಟಿದ್ದೆ.”

ಹುಡುಗಿ ಸ್ಟೂಲಿನ ಮೇಲೆ ಕುಸಿದಳು. “ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ,” ಎಂದಳು.

“ಅದಕ್ಕೇ ಹೇಳಿದ್ದು.”

ಮೇಡಂ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ, “ಖಾಲಿ ಕಣಾನೂ ನಾಲ್ಕೇ ನೀರಲ್ಲಿ ತೊಳೆದು ಹಾಕಿ ನೋಡಿ,” ಅಂದರು. ಹಾಕಿದರು. ಅವೂ ಕೊಂದವು.

ಮತ್ತೆ ಎಲ್ಲ ಮೊದಲಿನಿಂದ. ಹುಡುಗಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಒಂದು ಪೆನ್ನಿಗೆ ದಾರ ಕಟ್ಟಿ ಹಾಳೆಯ ಪಕ್ಕಕ್ಕೆ ನೇತುಹಾಕಿ ಹೋದಳು. ಸೂಲಗಿತ್ತಿ ಪ್ರತಿ ನೀರಿಗೂ ಕೈಗವಸು ಕಳಚಿ ಗುರುತು ಹಾಕಿದಳು.

“ಎಷ್ಟು ಸತ್ತವು?” ಅದಾದ ವಾರಕ್ಕೆ ಒಂದು ಸಂಜೆ ಮಗಳು ಎಂದಿನಂತೆ ಕೇಳಿದಳು.

“ನೂರಕ್ಕೆ ಅರವತ್ತೊಂದು. ಮೊದಲು ಜಾಸ್ತಿ ಬಂದಿತ್ತು, ಅದು ಸುಳ್ಳು. ನಾನು ಸರಿಯಾಗಿ ತೊಳೆದಿರಲಿಲ್ಲ.”

“ಅಜ್ಜೀ, ಕೇಳಿದ್ಯಾ? ಕೈ ತೊಳಿ ಕೈ ತೊಳಿ ಅಂತ ನನ್ನ ಪ್ರಾಣ ತಿನ್ನೋರು ಇವರೇ.”

ಅತ್ತೆ ನಕ್ಕರು. ಅವಳೂ ನಗುತ್ತಾ ಮಗಳ ಹಣೆ ಮುಟ್ಟಿದಳು. ತಣ್ಣಗಿತ್ತು. ಆದರೂ ಇನ್ನೊಮ್ಮೆ ಮುಟ್ಟಿ ನೋಡಿದಳು.