ಜ್ಯೇಷ್ಠಾ ನಕ್ಷತ್ರಕ್ಕೆ ಒಂದು ಬಟ್ಟಲು ಎಣ್ಣೆ

ವೈಶಾಖದ ಒಂದು ಗುರುವಾರ, ಬೆಳಿಗ್ಗೆ ಎಂಟು ಗಂಟೆ, ಹೊಸಪೇಟೆಯ ನಮ್ಮ ಮನೆಯ ಪಡಸಾಲೆ. ಇದ್ದವರು ಅಪ್ಪ, ಅವ್ವ, ನಾನು. ಕಂಪ್ಲಿಯಿಂದ ರಾತ್ರಿಯೆಲ್ಲ ಬಂಡಿಯಲ್ಲಿ ಬಂದಿದ್ದ ವರನ ಅಣ್ಣ ಮತ್ತು ಅತ್ತಿಗೆ. ವರ ಬಂದಿರಲಿಲ್ಲ. ಸಂಡೂರಿನಲ್ಲಿ ಕಾರಕೂನ, ರಜೆ ಸಿಕ್ಕಿರಲಿಲ್ಲ. ಅವನಿಲ್ಲದೆಯೂ ನಡೆಯುತ್ತಿತ್ತು. ಅಂದು ತೀರ್ಮಾನವಾಗಬೇಕಿದ್ದದ್ದು ಅಣ್ಣನ ಆಯುಷ್ಯದ ಮಾತು.

ನಾನು ಹುಟ್ಟಿದ್ದು ಜ್ಯೇಷ್ಠಾ ನಕ್ಷತ್ರದಲ್ಲಿ. ವೃಶ್ಚಿಕದ ನಡುವೆ ಕೆಂಡದ ಹಾಗೆ ಕೆಂಪಗೆ ಕಾಣುವ ಚುಕ್ಕೆ ಅದು. ಅದಕ್ಕೆ ದೇವತೆ ಇಂದ್ರ. ಆ ನಕ್ಷತ್ರದವರಿಗೆ ಯಜಮಾನಿಕೆ ಒಲಿಯುತ್ತದೆ, ಕೋಪ ಬೇಗ ಬರುತ್ತದೆ ಎನ್ನುತ್ತಾರೆ. ಅಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಆದರೆ ಮೂಲಾ ನಕ್ಷತ್ರದವಳು ಮಾವನಿಗೆ ಆಗದಂತೆ, ಜ್ಯೇಷ್ಠೆಯವಳು ಗಂಡನ ಅಣ್ಣನ ಆಯುಷ್ಯಕ್ಕೆ ಆಗುವುದಿಲ್ಲ ಎಂಬ ನಂಬಿಕೆಯಿತ್ತು. ಹಾಗಾಗಿ ಅಪ್ಪ ಮನೆಗೆ ಹಿರಿಯ ಮಗನಾದ ವರನನ್ನೇ ಹುಡುಕಿದರು. ಸಿಕ್ಕವರ ಗೋತ್ರ ಹೊಂದಲಿಲ್ಲ. ನನ್ನ ಓರಗೆಯವರ ಮಕ್ಕಳು ಆಗಲೇ ಅಂಬೆಗಾಲಿಡುತ್ತಿದ್ದರು.

ಕಂಪ್ಲಿಯ ಜೋಯಿಸರು ಒಂದು ದಾರಿ ಹೇಳಿ ಕಳಿಸಿದ್ದರು. ಅಣ್ಣನಾದವನು ಹುಡುಗಿಯ ಮುಖವನ್ನು ಮೊದಲ ಸಲ ಎಣ್ಣೆಯಲ್ಲಿ ನೋಡಬೇಕು. ನಕ್ಷತ್ರದೋಷದಲ್ಲಿ ಹುಟ್ಟಿದ ಕೂಸನ್ನು ತಂದೆ ಹೀಗೆ ನೋಡುವ ಪದ್ಧತಿಯುಂಟು. ಅದನ್ನೇ ಇಲ್ಲಿಗೂ ಹೊಂದಿಸಿದ್ದರು. ಅವ್ವ ಅಗಲವಾದ ಕಂಚಿನ ಬಟ್ಟಲಿಗೆ ಎಳ್ಳೆಣ್ಣೆ ತುಂಬಿ ನಡುವೆ ಇಟ್ಟಳು. ನಾನು ಸೆರಗನ್ನು ಮುಂದಕ್ಕೆಳೆದುಕೊಂಡು ಬಂದು ಕುಳಿತೆ.

“ಎಣ್ಣಿ ಯಾಕ? ಆಗ್ಲೇ ನೋಡೀನಲ್ಲ,” ಎಂದರು ಅಣ್ಣ. “ಹಿತ್ತಲದಾಗ ಕಾಲಿಗೆ ನೀರು ಕೊಟ್ಟಾಕಿ ಇಕಿನೇ ಅಲ್ಲೇನು?”

ನಾನೇ. ಐದಕ್ಕೆದ್ದು ನೀರು ಸೇದುವುದು ನನ್ನ ನಿತ್ಯದ ಕೆಲಸ. ಯಾರೆಂದು ತಿಳಿಯದೆ ಚೆಂಬು ಕೊಟ್ಟಿದ್ದೆ.

ಅತ್ತಿಗೆಯ ಮುಖ ಬಿಳಿಚಿತು. “ಬಂಡಿ ಇಳಿದು ಸುಮ್ನ ಒಂದ್ ಕಡೆ ಕುಂದ್ರಾಕ ಆಗಲಿಲ್ಲೇನ್ರೀ ನಿಮಗ?”

“ಏನಾಗೇತಿ ಈಗ? ಮೂರು ತಾಸಾತು, ಗಟ್ಟಿ ಅದೀನಿ. ಉಪ್ಪಿಟ್ಟು ಎರಡು ಸಲ ಹಾಕಿಸ್ಕೊಂಡೆ.”

“ತಿನ್ನೋದೊಂದು ಬರ್ತದ. ನೀವೇನ್, ಹೋಗ್ತೀರಿ. ಕುಂಕುಮ ಅಳಿಸ್ಕೊಂಡು ಎರಡು ಮಕ್ಕಳನ್ನ ಸಾಕಬೇಕಾದಾಕಿ ನಾನು.”

ಅಪ್ಪ, “ಬ್ಯಾಡಂದ್ರ ಬ್ಯಾಡ ತಾಯಿ. ನಮಗೇನೂ ಬ್ಯಾಸರಿಲ್ಲ,” ಎಂದರು. ಸಂಬಂಧ ಮುರಿಯಿತೆಂದೇ ತಿಳಿದೆ. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

“ನೀ ಹೂಂ ಅಂದ್ರ ಕುಂದ್ರತೀನಿ, ಬ್ಯಾಡಂದ್ರ ಬಂಡಿ ಹೂಡಸ್ತೀನಿ,” ಎಂದರು ಅಣ್ಣ ಹೆಂಡತಿಗೆ, ಈ ಸಲ ನಗದೆ. “ನನಗಂತೂ ಹುಡುಗಿ ಭಾಳ ಚಲೋ ಅನಿಸ್ಯಾಳ.”

ಅತ್ತಿಗೆ ನನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು.

“ಮೊದಲ್ನೇದು ಆಗಿಹೋತು. ಎರಡ್ನೇ ಸಲನಾದ್ರೂ ಎಣ್ಣಿಯಾಗ ನೋಡ್ರಿ. ನಾನೂ ನೋಡ್ತೀನಿ. ಬರೋದು ಬಂದ್ರ ಇಬ್ಬರಿಗೂ ಕೂಡೇ ಬರ್ಲಿ. ಬಾರವಾ, ಹತ್ರ ಬಾ.”

ಮೂವರೂ ಬಗ್ಗಿದೆವು. ಎಣ್ಣೆಯಲ್ಲಿ ಮೂರು ಮುಖ ಅಲುಗಾಡಿ ನಿಂತವು.

“ಜುಟ್ಟು ಅದ್ದೀತು, ಹಿಂದ ಸರೀರಿ,” ಎಂದರು ಅತ್ತಿಗೆ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ತಾಂಬೂಲ ಬದಲಾಯಿತು. ಬಿಸಿಲು ಇಳಿದ ಮೇಲೆ ಬಂಡಿ ಹೊರಟಿತು. ಆ ಎಣ್ಣೆ ಅಡುಗೆಗೆ ಬರುವಂಥದಲ್ಲ. ಸಂಜೆ ಗುಡಿಯ ದೀಪಕ್ಕೆ ಸುರಿದು ಬಂದೆ. ಬಟ್ಟಲನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಜಿಡ್ಡು ಹೋಯಿತೇ ಎಂದು ಬೆರಳಾಡಿಸಿ ನೋಡಿ, ಗೂಡಿನಲ್ಲಿ ಬೋರಲು ಹಾಕಿದೆ.