ನಾನು ಏನೂ ನೋಡಿಲ್ಲ ಎಂದಿದ್ದೆ

ಮಲಪ್ರಭೆ ಉಕ್ಕಿ ಮೆಣಸಗಿಯ ನಮ್ಮ ಓಣಿಗೆ ನೀರು ನುಗ್ಗಿದ ವರ್ಷ ನಾವು ಎಂಟು ದಿನ ದಿಬ್ಬದ ಮೇಲಿನ ಶಾಲೆಯೊಂದರಲ್ಲಿದ್ದೆವು. ನನಗೆ ಹತ್ತೊಂಬತ್ತು, ರೋಣದಲ್ಲಿ ಡಿಗ್ರಿ ಮೊದಲ ವರ್ಷ ಓದುತ್ತಿದ್ದೆ. ಅಣ್ಣನ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಅತ್ತಿಗೆ ಗಜೇಂದ್ರಗಡದವಳು, ನನಗಿಂತ ಎರಡೇ ವರ್ಷ ದೊಡ್ಡವಳು. ನಮ್ಮ ಮನೆಯಲ್ಲಿ ಅವಳು ಬಾಯಿಬಿಟ್ಟು ನಗುತ್ತಿದ್ದುದು ನನ್ನ ಜೊತೆ ಮಾತ್ರ.

ಶಾಲೆಯಲ್ಲಿ ಹೆಂಗಸರ ಸ್ನಾನಕ್ಕೆ ಜಾಗವಿರಲಿಲ್ಲ. ಅಡುಗೆ ಕೋಣೆಯ ಹಿಂದೆ ಎರಡು ಸೀರೆ ಕಟ್ಟಿ ಮರೆ ಮಾಡಿಕೊಂಡಿದ್ದೆವು. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಕಾವಲು. ಐದನೇ ದಿನ ಮುಂಜಾನೆ ನಾನು ಒಳಗಿದ್ದೆ, ಅತ್ತಿಗೆ ಹೊರಗೆ. ಒಮ್ಮೆಲೇ ಅವಳು ಚೀರಿದ್ದು ಕೇಳಿ ಮೈಗೆ ಬಟ್ಟೆ ಸುತ್ತಿಕೊಂಡು ಹೊರಬಂದೆ. ಅಡುಗೆ ಕೋಣೆಯ ಕಿಟಕಿಯಿಂದ ಚಾಚಿದ್ದ ಗಂಡಸಿನ ಕೈಯೊಂದನ್ನು ಅವಳು ಬಿಗಿಯಾಗಿ ಹಿಡಿದಿದ್ದಳು. ಆ ಕೈಯಲ್ಲಿದ್ದ ಮೊಬೈಲ್ ಕಿತ್ತುಕೊಂಡು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ನಾನಿದ್ದೆ. ಅಷ್ಟರಲ್ಲಿ ಅವನು ಹೊರಗೆ ಓಡಿಬಂದು, ಅವಳ ಮಣಿಕಟ್ಟು ತಿರುವಿ, ಮೊಬೈಲ್ ಕಸಿದುಕೊಂಡು ಹೋದ.

ಅವನು ಅಪ್ಪನ ಚಿಕ್ಕಪ್ಪನ ಮಗ. ನಾನು ಕಾಕಾ ಎನ್ನುತ್ತಿದ್ದೆ. ಆ ಎಂಟೂ ದಿನ ಊರಿಗೆಲ್ಲ ಅಕ್ಕಿ, ಚಾದರ ಹಂಚಿದವನು ಅವನೇ.

ಸಂಜೆ ಹಿರಿಯರು ಕೂಡಿದರು. ಅದಕ್ಕೆ ಮೊದಲೇ ಅವ್ವ ನನ್ನನ್ನು ಮೂಲೆಗೆ ಎಳೆದು, "ಹೌದು ಅಂದ್ರ ನಾಳೆ ನಿನ್ನ ಯಾರ ಮಾಡ್ಕೋತಾರ?" ಎಂದಿದ್ದಳು. ಕಾಕಾ ತಾನು ನೆಟ್‌ವರ್ಕ್ ಹುಡುಕುತ್ತಿದ್ದೆನೆಂದ. ಮೊಬೈಲನ್ನು ತಾನಾಗಿಯೇ ಮುಂದಿಟ್ಟ. ಆ ಹೊತ್ತಿಗೆ ಅದರಲ್ಲಿ ಏನೂ ಇರಲಿಲ್ಲ. ಅತ್ತಿಗೆ ನಡೆದದ್ದನ್ನೆಲ್ಲ ತಲೆ ತಗ್ಗಿಸದೆ ಹೇಳಿದಳು. ಕೊನೆಗೆ ನನ್ನನ್ನು ಕೇಳಿದರು. ಅತ್ತಿಗೆ ನನ್ನತ್ತ ನೋಡಿದಳು. ಅವಳ ಮುಖದಲ್ಲಿ ಅಂಜಿಕೆಯೇ ಇರಲಿಲ್ಲ. ನಾನು ಹೌದೆನ್ನುತ್ತೇನೆಂದು ಅಷ್ಟು ನಂಬಿದ್ದಳು.

"ಇಲ್ರಿ, ನಾ ಏನೂ ನೋಡಿಲ್ಲ" ಎಂದೆ.

ಅತ್ತಿಗೆ ಕಾಕಾನ ಕಾಲಿಗೆ ಬಿದ್ದು ತಪ್ಪಾಯಿತು ಎನ್ನಬೇಕೆಂದು ತೀರ್ಮಾನವಾಯಿತು. ಅವಳು ಒಲ್ಲೆ ಎಂದಳು. ಅಣ್ಣ ಎಲ್ಲರೆದುರು ಅವಳ ತುರುಬು ಹಿಡಿದು ಬಗ್ಗಿಸಿದ. ಹಣೆ ನೆಲದ ಫರಸಿಗೆ ಬಡಿದ ಸದ್ದು ನನಗೆ ಕೇಳಿಸಿತು. ಸಣ್ಣ ಹುಡುಗಿ, ಬಿಡಿ ಎಂದು ಕಾಕಾ ದೊಡ್ಡ ಮನಸ್ಸು ತೋರಿದ. ಹೆಂಗಸರು ಅವನನ್ನು ಹೊಗಳಿದರು. ಅವತ್ತಿನ ಊಟ ಬಡಿಸಿದವನೂ ಅವನೇ. ನಾನು ಉಂಡೆ.

ನೀರು ಇಳಿದ ಮೇಲೆ ಅತ್ತಿಗೆ ತವರಿಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟಳು. ಮಹಿಳಾ ಪೊಲೀಸ್ ಒಬ್ಬಾಕೆ ನಮ್ಮ ಮನೆಗೆ ಬಂದು, ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು. ಅಂಜಬೇಡ, ನಿನ್ನ ಹೆಸರು ಹೊರಗೆ ಬರುವುದಿಲ್ಲ ಎಂದಳು. ಈ ಸಲ ಪಕ್ಕದಲ್ಲಿ ಅವ್ವ ಇರಲಿಲ್ಲ. ಆದರೂ ನೋಡಿಲ್ಲವೆಂದೇ ಹೇಳಿದೆ. ಅತ್ತಿಗೆಗೆ ಮೊದಲಿನಿಂದಲೂ ಮನೆಯಲ್ಲಿ ಯಾರ ಜೊತೆಗೂ ಹೊಂದಿಕೆಯಿರಲಿಲ್ಲ ಎಂದೂ ಹೇಳಿದೆ. ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಆಕೆ ಬರೆದುಕೊಂಡಳು, ನಾನು ಸಹಿ ಮಾಡಿದೆ. ಪ್ರಕರಣ ಅಲ್ಲಿಗೇ ಮುಗಿಯಿತು.

ಅಣ್ಣ ಅವಳನ್ನು ಬಿಟ್ಟು ಇನ್ನೊಂದು ಮದುವೆಯಾದ. ನನ್ನನ್ನು ನರಗುಂದಕ್ಕೆ ಕೊಟ್ಟರು. ಮದುವೆಯಲ್ಲಿ ಕಾಕಾ ಅಕ್ಷತೆ ಹಾಕಿ, ಫೋಟೋಕ್ಕೆಂದು ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಕಳೆದ ವರ್ಷ ಗಂಡನ ಜೊತೆ ಗಜೇಂದ್ರಗಡಕ್ಕೆ ಹೋದಾಗ ಅತ್ತಿಗೆ ಇಟ್ಟಿದ್ದಾಳೆಂದು ಕೇಳಿದ್ದ ಹೊಲಿಗೆ ಅಂಗಡಿ ಹುಡುಕಿಕೊಂಡು ಒಬ್ಬಳೇ ಒಳಗೆ ಹೋದೆ. ಗುರುತು ಹಿಡಿದಳು. ಕೂಡು ಎನ್ನಲಿಲ್ಲ. ತಪ್ಪಾಯಿತೆಂದು ಅತ್ತುಬಿಟ್ಟೆ. ಅವಳು ಕತ್ತರಿ ಕೆಳಗಿಟ್ಟು, ಅವನು ಈಗ ಏನು ಮಾಡುತ್ತಾನೆಂದು ಕೇಳಿದಳು. ಹೆಣ್ಣುಮಕ್ಕಳ ಶಾಲೆಯೊಂದರ ಕಮಿಟಿಗೆ ಅಧ್ಯಕ್ಷನಾಗಿದ್ದಾನೆಂದೆ.

ಅವಳು ಪೂರ್ತಿ ನನ್ನ ಕಡೆ ತಿರುಗಿದಳು.

"ಅಳೂದು ಸಾಕು ಮಾಡು. ನಾ ಮತ್ತ ಕಂಪ್ಲೇಂಟ್ ಕೊಡ್ತೀನಿ. ಈಗರ ಬಂದು ಖರೇ ಹೇಳ್ತಿಯೇನು?"

ಹೊರಗೆ ಗಂಡ ಹಾರ್ನ್ ಹೊಡೆಯುತ್ತಿದ್ದ.

"ಮನ್ಯಾಗ ಕೇಳಿ ಹೇಳ್ತೀನಿ" ಎಂದೆ.

ಅವಳು ಮಷಿನ್ ಕಡೆ ತಿರುಗಿ ಹೊಲಿಯತೊಡಗಿದಳು. ನಾನು ಹೋಗಿ ಬೈಕ್ ಹತ್ತಿದೆ. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಆ ಅಂಗಡಿಯ ಕಡೆಗೆ ಮತ್ತೆ ಹೋಗಲೂ ಇಲ್ಲ.