ತಾತನ ಅಂಗುಲ

ನಮ್ಮ ತಾತ ಕೆತ್ತಿದ ಬಾಗಿಲವಾಡ ಪಾಂಡವಪುರದ ಗೌಡರೊಬ್ಬರ ಮನೆಯಲ್ಲಿದೆ. ಅವರು ಕೆ.ಆರ್. ಪೇಟೆಯಲ್ಲಿ ಕಟ್ಟಿಸುವ ಹೊಸ ಮನೆಗೂ ಅಂಥದ್ದೇ ಬೇಕೆಂದಾಗ, ಕೆಲಸ ನನ್ನದೇ ಅಂದುಕೊಂಡಿದ್ದೆ. ಐದನೇ ಕ್ಲಾಸಿಗೇ ಉಳಿ ಹಿಡಿದವನು ನಾನು. ಅವರು ಕೊಟ್ಟದ್ದು ನನ್ನ ಚಿಕ್ಕಪ್ಪನ ಮಗನಿಗೆ. ಶ್ರೀರಂಗಪಟ್ಟಣದಲ್ಲಿ ಕಂಪ್ಯೂಟರಿನಿಂದ ಮರ ಕೊರೆಯುವ ಮಷೀನು ಇಟ್ಟಿದ್ದಾನೆ. ಅವನಿಗೆ ನೆಟ್ಟಗೆ ಉಳಿ ಮಸೆಯಲೂ ಬಾರದು.

ಅಳತೆಯ ದಿನ ಹೊಟ್ಟೆಯುರಿ ತಡೆಯದೆ ನಾನೂ ಹೋದೆ. ಅವನು ಮೊಬೈಲು ಹಿಡಿದು ಬಾಗಿಲಿಗೆ ಆರತಿ ಎತ್ತುವವನಂತೆ ಮೇಲೆ ಕೆಳಗೆ, ಆಚೆ ಈಚೆ ಸುಳಿದಾಡಿದ.

“ಮುಟ್ಟದೇ ಅಳೀತೀಯೇನ್ಲಾ?”

“ಓಡಾಡ್ತಾ ವಿಡಿಯೋ ಇಡುದ್ರೆ ಉಬ್ಬು ತಗ್ಗು ಎಲ್ಲಾ ಅದೇ ಕಂಡುಡ್ಕತದೆ ಅಣ್ಣಯ್ಯ. ಸೈಜು ಮಾತ್ರ ಗೊತ್ತಾಗಕಿಲ್ಲ, ಪಕ್ಕದಲ್ಲಿ ಅಳತೆಕೋಲು ಇರ್ಬೇಕು. ಟೇಪು ಮರ್ತು ಬಂದ್ಬುಟ್ಟೆ, ನಿನ್ ಕೋಲು ಕೊಡು.”

ನನ್ನ ಕೈಲಿದ್ದದ್ದು ತಾತನ ಕೋಲು. ಇಂಚಿಗೆ ಎಂಟು ನೂಲು ಎಂಬುದು ಬಡಗಿಗಳ ಲೆಕ್ಕ. ತಾತನ ಅಂಗುಲ ಇಂಚಿಗಿಂತ ಅರ್ಧ ನೂಲು ಕಡಿಮೆ. ಈಗಿನವರಿಗೆ ಅಂಗುಲವೆಂದರೆ ಇಂಚೇ.

“ಇಪ್ಪತ್ನಾಲ್ಕು ಅಂಗ್ಲ ತಾನೆ?” ಕೋಲನ್ನು ಬಾಗಿಲಿಗೆ ಒರಗಿಸುತ್ತಾ ಕೇಳಿದ.

“ಊಂ ಕಣ್ಲಾ, ಅಂಗ್ಲವೇ.”

ಸುಳ್ಳು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡೆ, ಅಷ್ಟೇ.

ಮೊದಲು ಗಿಳಿಗಳಿರುವ ಮೇಲಿನ ಪಟ್ಟಿಯನ್ನಷ್ಟೇ ಅಗ್ಗದ ಮರದಲ್ಲಿ ಕೊರೆದು ತಂದ. ಹಳೆಯದರ ಕೆಳಗೆ ಹಿಡಿದರೆ ನಾಲ್ಕು ಬೆರಳು ಉದ್ದ.

“ಇದೇನ್ಲಾ, ಬಾಗ್ಲು ಬೆಳೆದ್ಬುಟ್ಟದಲ್ಲಾ!” ಎಂದರು ಗೌಡರು.

ಒಳಗೊಳಗೇ ಹಿಗ್ಗಿದೆ. ತಪ್ಪು ಹುಡುಕುವ ಆಸೆಗೆ ಅದರ ಮೇಲೆ ಕೈಯಾಡಿಸಿದೆ. ಎಡಗಡೆಯ ಗಿಳಿಯ ಕತ್ತಿನ ಹತ್ತಿರ ಬೆರಳು ನಿಂತಿತು. ಅಲ್ಲಿ ತಾತನ ಉಳಿ ಒಮ್ಮೆ ಜಾರಿತ್ತು. ಕಣ್ಣಿಗೆ ಬೀಳದಂತೆ ಉಜ್ಜಿದ್ದ. ಆ ತಗ್ಗು ಗೊತ್ತಿದ್ದದ್ದು ನನ್ನ ಬೆರಳಿಗೊಂದೇ ಅಂದುಕೊಂಡಿದ್ದೆ. ಅದೂ ಇಲ್ಲಿತ್ತು.

ಚಿಕ್ಕಪ್ಪನ ಮಗ ತಲೆ ಕೆರೆದುಕೊಳ್ಳುತ್ತಿದ್ದ. ಗೌಡರು ನನ್ನ ಕಡೆ ತಿರುಗಿದರು. “ಆಚಾರ್ರೇ, ನಿಮ್ ತಾತನ ಕೋಲೇ ಸುಳ್ಳೇನೋ. ಓಗ್ಲಿ, ನೀವೇ ಮಾಡ್ಕೊಡಿ.”

ಬಯಸಿದ್ದ ಕೆಲಸ. ಆದರೆ ತಾತನ ಕೋಲು ಸುಳ್ಳೆನಿಸಿಕೊಂಡು ಅದನ್ನು ಹೇಗೆ ತೆಗೆದುಕೊಳ್ಳಲಿ?

“ಕೋಲು ಸುಳ್ಳಲ್ಲ ಗೌಡ್ರೇ. ಅದ್ರ ಅಂಗ್ಲ ಇಂಚಲ್ಲ, ಅರ್ಧ ನೂಲು ಕಮ್ಮಿ. ಇವ್ನು ಇಂಚು ಅಂತ ತಿಳ್ಕಂಡವ್ನೆ, ಅದ್ಕೇ ಉದ್ದ ಬಂದದೆ.”

“ಮೊದ್ಲೇ ಯೋಳಾದಲ್ವಾ ಅಣ್ಣಯ್ಯ?”

“ನೀನು ಕೇಳಿದ್ದು ಅಂಗ್ಲ ಕಣ್ಲಾ.”

ಅವನು ಕಂಪ್ಯೂಟರಿನಲ್ಲಿ ಒಂದೇ ಒಂದು ಅಂಕಿ ತಿದ್ದಿದ. ಗಿಳಿಗಳೆಲ್ಲ ಒಟ್ಟಿಗೆ ಕುಗ್ಗಿ ತಮ್ಮ ಅಳತೆಗೆ ಬಂದವು. ಕೆಲಸ ಅವನಿಗೇ ಉಳಿಯಿತು.

ಈಗಲೂ ಬಸ್ಸು ಆ ಹೊಸ ಮನೆಯ ಮುಂದೆ ಹಾದರೆ, ನಾನು ಇನ್ನೊಂದು ಬದಿಯ ಕಿಟಕಿಗೆ ತಿರುಗುತ್ತೇನೆ.